ಒಂದು ಅರ್ಜಿ, ನೂರು ಪುಟದ ಒಂದು ವಹಿ: ಐದನೇ ತರಗತಿಯ ಅಕ್ಕೋರ ಕೆಲಸ ಅಳೆದ ಪ್ರಕರಣ

ಅರ್ಜಿ ಒಂದೇ ಹಾಳೆಯದು. ಕೆಳಗೆ ಹದಿನಾಲ್ಕು ಸಹಿ, ಮೂರು ಹೆಬ್ಬೆಟ್ಟು. 'ನಮ್ಮೂರ ಸರಕಾರಿ ಹಿರಿಯ ಪ್ರಾಥಮಿಕ ಶಾಲೆಯ ಐದನೇ ವರ್ಗದ ಶಿಕ್ಷಕಿಯವರು ಪುಸ್ತಕದ ಪಾಠ ಮಾಡುವುದಿಲ್ಲ. ಹೋಮ್‌ವರ್ಕ್ ಕೊಡುವುದಿಲ್ಲ. ಮಕ್ಕಳ ವಹಿ ಖಾಲಿ ಇರುತ್ತವೆ. ಮಕ್ಕಳನ್ನು ಬೇವಿನ ಗಿಡದ ಕೆಳಗೆ ಕೂಡಿಸಿ ಜೋಳದ ದಂಟು ಎಣಿಸಲು ಹಚ್ಚುತ್ತಾರೆ. ಸದರಿಯವರನ್ನು ಬದಲಿಸಿ ಬೇರೆಯವರನ್ನು ಕೊಡಬೇಕು.' 2023ರ ಜನವರಿಯ ಮೊದಲ ವಾರ ಈ ಹಾಳೆ ತಾಲೂಕು ಶಿಕ್ಷಣಾಧಿಕಾರಿ ಸಾಹೇಬರ ಕಚೇರಿಯಿಂದ ನನ್ನ ಕೈಗೆ ಬಂತು. ಅಂಚಿನಲ್ಲಿ ಹಸಿರು ಶಾಯಿಯಲ್ಲಿ ಬರೆದಿತ್ತು: 'ಏಳು ದಿನದೊಳಗೆ ವಾಸ್ತವಾಂಶದ ವರದಿ ಸಲ್ಲಿಸುವುದು.'

ಆಗ ನಾನು ಸಿಆರ್‌ಪಿ, ಅಂದರೆ ಒಂದು ಸಮೂಹದ ಶಾಲೆಗಳಿಗೆ ಹೋಗಿ ನೋಡಿ, ಶಿಕ್ಷಕರಿಗೆ ನೆರವಾಗುವ ಸಂಪನ್ಮೂಲ ವ್ಯಕ್ತಿ. ನನ್ನ ಪಾಲಿಗೆ ಹದಿನಾಲ್ಕು ಶಾಲೆ. ಆ ವರ್ಷ ಈ ಶಾಲೆಗೆ ಆಗಲೇ ನಾಲ್ಕು ಸಲ ಹೋಗಿದ್ದೆ. ವರದಿ ಬರೆಯುವ ಮೊದಲು ಸಂದರ್ಶನ ಪುಸ್ತಕ ತೆಗೆದು ನನ್ನದೇ ಬರಹ ಓದಿದೆ. ಎರಡು ಸಲ 'ಪಾಠ ಟಿಪ್ಪಣಿ ಅಪೂರ್ಣ, ಪೂರ್ಣಗೊಳಿಸಲು ಸೂಚಿಸಿದೆ'. ಒಂದು ಸಲ 'ಬಿಸಿಯೂಟ, ಹಾಲು ವಿತರಣೆ ಪರಿಶೀಲಿಸಿದೆ'. ಒಂದು ಸಲ ಬರೀ ಸಹಿ ಮತ್ತು ತಾರೀಖು. ಆ ಶಿಕ್ಷಕಿ, ಮಕ್ಕಳ ಬಾಯಲ್ಲಿ ಅಕ್ಕೋರು, ಪಾಠ ಮಾಡುವುದನ್ನು ಗಂಟೆ ಹೊಡೆದಲ್ಲಿಂದ ಗಂಟೆ ಹೊಡೆಯುವವರೆಗೆ ಕೂತು ನೋಡಿದ ಒಂದೇ ಒಂದು ಅವಧಿಯೂ ಇರಲಿಲ್ಲ. ಅವರ ಬಗ್ಗೆ ಅಭಿಪ್ರಾಯ ಮಾತ್ರ ಇತ್ತು: ಒಳ್ಳೆಯವರು, ದಾಖಲೆ ಇಡುವುದರಲ್ಲಿ ಹಿಂದೆ. ಈ ಅಭಿಪ್ರಾಯ ಎಲ್ಲಿಂದ ಬಂತು ಎಂದು ನನ್ನನ್ನೇ ಕೇಳಿಕೊಂಡಾಗ ಉತ್ತರ ಸಿಗಲಿಲ್ಲ. ಏಳು ದಿನ ಸಾಲದು, ಹದಿನೈದು ಕೊಡಿ ಎಂದು ಸಾಹೇಬರಲ್ಲಿ ಕೇಳಿದೆ. ಕೊಟ್ಟರು.

ಊರು ಮತ್ತು ಆ ವರ್ಷ

ಗದಗ ಜಿಲ್ಲೆಯಲ್ಲಿ ಕಪ್ಪತಗುಡ್ಡದ ಸೆರಗಿನ ಒಂದು ಊರು ಇದು. ಹೆಸರು ಬೇಡ. ಗುಡ್ಡದ ಕಡೆ ಮಸಾರಿ, ಇಳಿಜಾರಿಗೆ ಎರೆ. ಮುಂಗಾರಿಗೆ ಹೆಸರು, ಶೇಂಗಾ, ಉಳ್ಳಾಗಡ್ಡಿ. ಹಿಂಗಾರಿಗೆ ಜೋಳ, ಕಡಲೆ. ಊರಿನಿಂದ ಒಂದು ಮೈಲಿಗೆ ಲಂಬಾಣಿ ತಾಂಡಾ. ಐದನೇ ತರಗತಿಯ 31 ಮಕ್ಕಳಲ್ಲಿ 13 ಮಕ್ಕಳು ತಾಂಡಾದವರು. ಅವರ ಮನೆಯಲ್ಲಿ ಅವ್ವ ಅಂದರೆ ಯಾಡಿ, ನೀರು ಅಂದರೆ ಪಾಣಿ, ರೊಟ್ಟಿ ಅಂದರೆ ಬಾಟಿ. ದೀಪಾವಳಿ ಕಳೆಯುತ್ತಲೇ ಅಪ್ಪ-ಅವ್ವ ಕಬ್ಬು ಕಡಿಯಲು ಬೆಳಗಾವಿ, ಬಾಗಲಕೋಟೆ, ಸಾಂಗ್ಲಿ, ಕೊಲ್ಲಾಪುರದ ಕಡೆ ಹೋಗುತ್ತಾರೆ. ಕೆಲವರು ಕಟ್ಟಡ ಕೆಲಸಕ್ಕೆ ಗೋವಾ, ಮಂಗಳೂರಿಗೆ. ತಿರುಗಿ ಬರುವುದು ಹೋಳಿಯ ಹೊತ್ತಿಗೆ, ತಡವಾದರೆ ಯುಗಾದಿಗೆ. ಮಕ್ಕಳನ್ನು ಅಜ್ಜಿಯ ಹತ್ತಿರ ಬಿಟ್ಟು ಹೋಗುವವರಿದ್ದಾರೆ, ಜೊತೆಗೇ ಕರೆದೊಯ್ಯುವವರೂ ಇದ್ದಾರೆ.

2022-23ರಲ್ಲಿ ಐದನೇ ತರಗತಿಗೆ ಬಂದ ಮಕ್ಕಳ ಕಥೆಯೇ ಬೇರೆ. 2020ರ ಮಾರ್ಚ್‌ನಲ್ಲಿ ಶಾಲೆ ಮುಚ್ಚಿದಾಗ ಅವರು ಎರಡನೇ ತರಗತಿಯಲ್ಲಿದ್ದರು. ಒಂದರಿಂದ ಐದರವರೆಗಿನ ತರಗತಿಗಳ ಬಾಗಿಲು ತೆರೆದದ್ದು 2021ರ ಅಕ್ಟೋಬರ್ 25ಕ್ಕೆ. ಆ ಹೊತ್ತಿಗೆ ಅವರು ನಾಲ್ಕನೇ ತರಗತಿ. ಒಂದರಿಂದ ಮೂರನೇ ತರಗತಿಯವರೆಗೆ ಚಟುವಟಿಕೆಯಿಂದ ಕಲಿಸುವ ನಲಿಕಲಿಯ ಏಣಿಯನ್ನು ಅರ್ಧಕ್ಕೆ ಬಿಟ್ಟು ಬಂದ ಮಕ್ಕಳು. ಅದಕ್ಕೆಂದೇ ಇಲಾಖೆ 2022-23ನ್ನು 'ಕಲಿಕಾ ಚೇತರಿಕೆ'ಯ ವರ್ಷ ಎಂದಿತು, ಮೇ 16ಕ್ಕೇ ಶಾಲೆ ಆರಂಭಿಸಿತು, ಪಠ್ಯಪುಸ್ತಕದ ಮುಂದೆ ಕಲಿಕಾ ಹಾಳೆಗಳನ್ನು ಇಟ್ಟಿತು. ಶಿಕ್ಷಕರಿಗೆ ಇದರ ತರಬೇತಿಯಾಯಿತು. ಪುಸ್ತಕ ಯಾಕೆ ಹಿಂದೆ ಸರಿಯಿತು ಎಂದು ಪಾಲಕರಿಗೆ ಕೂತು ಹೇಳಿದವರು ನಮ್ಮ ಸಮೂಹದಲ್ಲಿ ಯಾರೂ ಇರಲಿಲ್ಲ. ನಾನೂ ಹೇಳಲಿಲ್ಲ. ಡಿಸೆಂಬರ್‌ನಲ್ಲಿ 5 ಮತ್ತು 8ನೇ ತರಗತಿಗೆ ರಾಜ್ಯಮಟ್ಟದ ಮೌಲ್ಯಾಂಕನ ನಡೆಯುತ್ತದೆ ಎಂಬ ಸುತ್ತೋಲೆ ಬಂತು. ಊರಿನ ಬಾಯಲ್ಲಿ ಅದು 'ಪಬ್ಲಿಕ್ ಪರೀಕ್ಷೆ' ಆಯಿತು. ತಿಂಗಳೊಳಗೆ ಅರ್ಜಿ ಬಂತು.

ಅಧ್ಯಕ್ಷರ ಮಾತು

ಮೊದಲ ಸಹಿ ಎಸ್‌ಡಿಎಂಸಿ, ಅಂದರೆ ಪಾಲಕರೇ ಇರುವ ಶಾಲಾಭಿವೃದ್ಧಿ ಸಮಿತಿಯ ಅಧ್ಯಕ್ಷರದು. ನಾಲ್ಕೆಕರೆ ಎರೆ ಹೊಲದ ರೈತರು, ಆ ವರ್ಷ ಉಳ್ಳಾಗಡ್ಡಿಯಲ್ಲಿ ಸುಟ್ಟುಕೊಂಡವರು. ಒಬ್ಬಳೇ ಮಗಳು, ಅದೇ ಐದನೇ ತರಗತಿಯಲ್ಲಿ. ಅವರ ಮನಸ್ಸಿನಲ್ಲಿದ್ದದ್ದು ನವೋದಯ, ಆರನೇ ತರಗತಿಯಿಂದ ಓದಿಸುವ ಕೇಂದ್ರ ಸರಕಾರದ ವಸತಿ ಶಾಲೆ. ಐದನೇ ತರಗತಿಯಲ್ಲಿದ್ದಾಗಲೇ ಬರೆಯುವ ಆ ಪರೀಕ್ಷೆಗೆ ಎರಡು ತಾಸಿನಲ್ಲಿ 80 ಪ್ರಶ್ನೆ, 100 ಅಂಕ. ಮಾನಸಿಕ ಸಾಮರ್ಥ್ಯಕ್ಕೆ 50, ಗಣಿತಕ್ಕೆ 25, ಭಾಷೆಗೆ 25. ಇಡೀ ಜಿಲ್ಲೆಗೆ ಹೆಚ್ಚೆಂದರೆ 80 ಸೀಟು. ಅದು ತಪ್ಪಿದರೆ ಮೊರಾರ್ಜಿ, ಕಿತ್ತೂರು ರಾಣಿ ಚನ್ನಮ್ಮ ವಸತಿ ಶಾಲೆಗಳಿಗೆ ಮತ್ತೊಂದು ಪರೀಕ್ಷೆ. ನಮ್ಮ ಭಾಗದ ರೈತರ ಮನೆಗಳಲ್ಲಿ ಐದನೇ ತರಗತಿ ಎಂದರೆ ಈ ಬಾಗಿಲುಗಳು ಒಮ್ಮೆ ಮಾತ್ರ ತೆರೆಯುವ ವರ್ಷ. ಪಟ್ಟಣದ ಕೋಚಿಂಗಿಗೆ ಕಳಿಸುವಷ್ಟು ರೊಕ್ಕ ಅವರಲ್ಲಿ ಇರಲಿಲ್ಲ.

ಹೊಲದ ಬದುವಿನ ಮೇಲೆ ಕೂತು ಮಾತಾಡಿದೆವು. ಅವರಲ್ಲಿ ಸಿಟ್ಟಿಗಿಂತ ಸಂಕಟ ಹೆಚ್ಚಿತ್ತು.

"ಅಕ್ಕೋರು ಕೆಟ್ಟವರು ಅಂತ ನಾ ಅಂದಿಲ್ರಿ ಸರ. ಬರಲಾರದ ಹುಡುಗೂರಿಗೆ ಕಲಿಸ್ಯಾರ, ಛಲೋ ಆತು. ಬರೋ ಹುಡುಗಿಗೆ ಏನ್ ಕಲಿಸ್ಯಾರ? ನನ್ನ ಮಗಳು ಮೇ ತಿಂಗಳದಾಗ ಎಷ್ಟ ಬರ್ತಿತ್ತೋ ಈಗೂ ಅಷ್ಟ ಬರ್ತೈತಿ. ಅಕಿ ಶಾಣ್ಯಾಕಿ ಆಗಿದ್ದ ತಪ್ಪೇನ್ರಿ?"

ಆ ಪ್ರಶ್ನೆಗೆ ಅಲ್ಲಿ ಕೂತಲ್ಲಿ ನನ್ನ ಹತ್ತಿರ ಉತ್ತರ ಇರಲಿಲ್ಲ. ಅರ್ಜಿಯಲ್ಲಿ ಈ ಮಾತು ಎಲ್ಲೂ ಇಲ್ಲ ಎಂಬುದು ಆಮೇಲೆ ಹೊಳೆಯಿತು. ಅರ್ಜಿ ಬರೆದುಕೊಟ್ಟವರು ಯಾರೋ, ಅದರಲ್ಲಿ ಪುಸ್ತಕ, ಹೋಮ್‌ವರ್ಕ್, ಖಾಲಿ ವಹಿ ಮಾತ್ರ ಬಂದಿದ್ದವು. ಕಚೇರಿಗೆ ತಿಳಿಯುವ ಭಾಷೆ ಅದೇ ಎಂದು ಊರಿಗೆ ಗೊತ್ತು.

ಶಾಲೆಯೊಳಗಿನ ಮಾತು

ಮುಖ್ಯ ಶಿಕ್ಷಕರು ಚಾರ್ಜಿನ ಮೇಲಿದ್ದವರು. ತಮ್ಮ ತರಗತಿ, ಸ್ಯಾಟ್ಸ್ ಎಂಬ ಮಕ್ಕಳ ಆನ್‌ಲೈನ್ ದಾಖಲೆ, ಬಿಸಿಯೂಟದ ಲೆಕ್ಕ, ಹಾಲಿನ ಪುಡಿಯ ಲೆಕ್ಕ, ಸಮವಸ್ತ್ರ, ಬ್ಯಾಂಕು, ಇವೆಲ್ಲದರ ನಡುವೆ ಅವರಿಗೆ ಸಹೋದ್ಯೋಗಿಯ ಕೆಲಸದ ಅಳತೆ ಒಂದೇ: ಕೇಳಿದ ಮಾಹಿತಿ ಕೇಳಿದ ದಿನ ಬಂತೋ ಇಲ್ಲವೋ. "ಅವರು ಮಾಹಿತಿ ಕೊಡೂದು ತಡಾ ಮಾಡ್ತಾರ್ರಿ, ಉಳಿದಂತೆ ತಕರಾರಿಲ್ಲ" ಎಂದರು. ವಾರ್ಷಿಕ ಕಾರ್ಯನಿರ್ವಹಣಾ ವರದಿಯಲ್ಲಿ ಏನು ಬರೆಯುತ್ತೀರಿ ಎಂದು ಕೇಳಿದೆ. ಪ್ರತಿ ವರ್ಷ ಎಲ್ಲರಿಗೂ 'ತೃಪ್ತಿಕರ'. ಅದನ್ನು ಅವರಿಗೆ ತೋರಿಸುತ್ತೀರಾ? ತೋರಿಸುವ ರೂಢಿ ಇಲ್ಲ ಎಂದರು. 2008ರಲ್ಲಿ ದೇವದತ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಇದರ ಬಗ್ಗೆಯೇ ಹೇಳಿತ್ತು: ನೌಕರನ ಬಗ್ಗೆ ಬರೆದ ಷರಾ ಒಳ್ಳೆಯದಿರಲಿ ಕೆಟ್ಟದ್ದಿರಲಿ, ಪ್ರತಿಯೊಂದನ್ನೂ ಅವನಿಗೆ ತಿಳಿಸಬೇಕು. ಆ ನೌಕರನಿಗೆ ಸಿಕ್ಕಿದ್ದು 'ಉತ್ತಮ' ಎಂಬ ಷರಾ. ಬಡ್ತಿಗೆ ಬೇಕಿದ್ದದ್ದು 'ಅತ್ಯುತ್ತಮ'. ಒಳ್ಳೆಯ ಮಾತು ಎಂದು ಕಾಣುವ ಶಬ್ದವೇ ಅವನ ದಾರಿಗೆ ಅಡ್ಡ ನಿಂತಿತ್ತು, ಅದು ಅವನಿಗೆ ಗೊತ್ತೇ ಇರಲಿಲ್ಲ. ನಮ್ಮ ಅಕ್ಕೋರು ಹನ್ನೊಂದು ವರ್ಷದ ಸೇವೆಯಲ್ಲಿ ತಮ್ಮ ಬಗ್ಗೆ ಬರೆದದ್ದನ್ನು ಒಮ್ಮೆಯೂ ಓದಿರಲಿಲ್ಲ.

ಏಳನೇ ತರಗತಿಯ ಹಿರಿಯ ಗುರುಗಳು ಬೇರೆ ಮಾತು ಹೇಳಿದರು. "ಮಾರ್ಕ್ಸ್ ನೋಡಿ ಮಾಸ್ತರ್ನ ಅಳೀತೀವಿ ಅಂದ್ರ, ತಾಂಡಾದ ಹುಡುಗೂರ ಇರೋ ವರ್ಗಾ ಯಾರ ತಗೋತಾರ? ನಾಳೆ ಜೂನ್‌ನ್ಯಾಗ ವರ್ಗ ಹಂಚೂ ಮುಂದ ನೋಡ್ರಿ, ಎಲ್ಲಾರೂ ಆ ಕಡೆಯಿಂದ ಹಿಂದ ಸರಿತಾರ." ಇದು ಸಂಘದ ಮಾತು ಎಂದು ತಳ್ಳಿಹಾಕಬಹುದಿತ್ತು. ತಳ್ಳಿಹಾಕಲು ನನಗಾಗಲಿಲ್ಲ. ಅವರ ದಾಖಲೆಗಳಿಗೆ ಆ ವರ್ಷ ನಾನೇ 'ಅತ್ಯುತ್ತಮ' ಎಂದು ಬರೆದಿದ್ದೆ. ಅವರ ಪಾಠವನ್ನೂ ನಾನು ಪೂರ್ತಿ ನೋಡಿರಲಿಲ್ಲ.

ಐವತ್ತೆರಡರಾಗ ಇಪ್ಪತ್ತೇಳು

ಮೂರು ಬೇರೆ ಬೇರೆ ದಿನ, ಮೂರು ಪೂರ್ತಿ ಅವಧಿ ಐದನೇ ತರಗತಿಯ ಹಿಂದಿನ ಸಾಲಿನಲ್ಲಿ ಕೂತೆ. ಅದರಲ್ಲಿ ಒಂದು ಅವಧಿ ಇಂದಿಗೂ ಕಣ್ಣಮುಂದಿದೆ.

ಕಳೆಯುವ ಲೆಕ್ಕ. 52ರಲ್ಲಿ 27. ತಾಂಡಾದ ಹುಡುಗನೊಬ್ಬ ಪಾಟಿಯ ಮೇಲೆ 35 ಎಂದು ಬರೆದ. ಅಕ್ಕೋರು ತಪ್ಪು ಎನ್ನಲಿಲ್ಲ, ಸರಿ ಎಂದೂ ಎನ್ನಲಿಲ್ಲ. ಅವನ ಮುಂದೆ ಜೋಳದ ದಂಟಿನ ತುಂಡುಗಳನ್ನಿಟ್ಟರು. ಹತ್ತು ಹತ್ತು ತುಂಡು ದಾರದಿಂದ ಕಟ್ಟಿದ ಐದು ಸಿವುಡು, ಬಿಡಿ ಎರಡು.

"ಎಷ್ಟ ಅದಾವ?"

"ಐವತ್ತೆರಡ್ರಿ."

"ನನಗ ಇಪ್ಪತ್ತೇಳು ಕೊಡು."

ಎರಡು ಸಿವುಡು ಕೊಟ್ಟ. ಬಿಡಿ ಎರಡೂ ಕೊಟ್ಟ. ಕೈ ನಿಂತಿತು. ಉಳಿದ ಮೂರು ಸಿವುಡು ನೋಡಿದ, ಅಕ್ಕೋರ ಮುಖ ನೋಡಿದ, ಮತ್ತೆ ಸಿವುಡು ನೋಡಿದ. ತರಗತಿ ಗದ್ದಲದಲ್ಲಿತ್ತು. ಅವರಿಬ್ಬರ ನಡುವೆ ಮಾತ್ರ ಗದ್ದಲ ಇರಲಿಲ್ಲ.

"ಬಿಚ್ಚಲ್ರೀ ಅಕ್ಕೋರ?"

"ನಿನ್ನ ಸಿವುಡು. ನೀನ ಹೇಳು."

ಹಲ್ಲಿನಿಂದ ದಾರ ಬಿಚ್ಚಿದ. ಐದು ಎಣಿಸಿ ಕೊಟ್ಟ. ಮುಂದೆ ಉಳಿದದ್ದು ಎರಡು ಸಿವುಡು, ಐದು ಬಿಡಿ. ಪಾಟಿಯ ಮೇಲಿನ 35ನ್ನು ಒಂದು ಗಳಿಗೆ ನೋಡಿ ಅಂಗೈಯಿಂದ ತಾನೇ ಒರೆಸಿದ. 25 ಬರೆದ. ಆಮೇಲೆ ಅಕ್ಕೋರು ಕೇಳಿದರು, ಮೊದಲು ಮೂವತ್ತೈದು ಹೆಂಗ ಬಂತು? "ದೊಡ್ಡದರಾಗ ಸಣ್ಣದು ಕಳೀಬೇಕಂತ್ರಿ. ಅದಕ್ಕ ಏಳರಾಗ ಎರಡು ಕಳದೆ." ಹಿಂದೆ ಎಂದೋ ಯಾರೋ ಹೇಳಿಕೊಟ್ಟ ಸೂತ್ರ ಅದು. ಅವನು ತಪ್ಪು ಮಾಡಿರಲಿಲ್ಲ, ಹೇಳಿದ್ದನ್ನು ಪಾಲಿಸಿದ್ದ. ಇಂಥ ತಪ್ಪಿನ ಬೇರನ್ನು ಹುಡುಕಿ ತೆಗೆಯುವುದು ಕಲಿಸುವ ಕೆಲಸದಲ್ಲಿ ಅತಿ ಕಷ್ಟದ್ದು. ನಾನು ಅದನ್ನು ಅಷ್ಟು ಹತ್ತಿರದಿಂದ ಹಿಂದೆ ನೋಡಿರಲಿಲ್ಲ.

ನಲವತ್ತು ನಿಮಿಷದ ಅವಧಿಯಲ್ಲಿ ಅವನಿಗೂ ಅವನ ಪಕ್ಕದ ಮೂವರಿಗೂ ಇಪ್ಪತ್ತೆರಡು ನಿಮಿಷ ಹೋಯಿತು. ಕಿಟಕಿಯ ಪಕ್ಕ ಆರು ಮಕ್ಕಳು ಕೂತಿದ್ದರು. ಬೋರ್ಡಿನ ಲೆಕ್ಕಗಳನ್ನು ಐದೇ ನಿಮಿಷದಲ್ಲಿ ಮುಗಿಸಿದ್ದರು. ಅಧ್ಯಕ್ಷರ ಮಗಳು ಅದರಲ್ಲಿ ಒಬ್ಬಳು. ಲೆಕ್ಕ ಮುಗಿಸಿ, ತಾಳೆ ನೋಡಿ, ಅಕ್ಕೋರ ಕಡೆ ಎರಡು ಸಲ ನೋಡಿದಳು. ಆಮೇಲೆ ರಬ್ಬರ್ ತೆಗೆದು ತಾನು ಬರೆದ ಸರಿ ಉತ್ತರವನ್ನು ಅಳಿಸಿ, ಅದನ್ನೇ ಇನ್ನಷ್ಟು ಚೆಂದಾಗಿ ಬರೆದಳು. ಮತ್ತೊಮ್ಮೆ ಅಳಿಸಿ, ಮತ್ತೆ ಬರೆದಳು.

ನನ್ನ ಕೈಯಲ್ಲಿ ವೀಕ್ಷಣಾ ನಮೂನೆ ಇತ್ತು, 'ಹೌದು', 'ಇಲ್ಲ' ಎಂದು ಎರಡು ಕಾಲಮ್ಮು. 'ಕಲಿಕೋಪಕರಣ ಬಳಸಿದ್ದಾರೆಯೇ?' ಹೌದು. 'ಎಲ್ಲ ಮಕ್ಕಳು ಕಲಿಕೆಯಲ್ಲಿ ತೊಡಗಿದ್ದರೇ?' ಆ ಪ್ರಶ್ನೆಯ ಮುಂದೆ ಪೆನ್ನು ಹಿಡಿದು ಕೂತೆ, ಯಾವ ಕಾಲಮ್ಮಿಗೂ ಗುರುತು ಹಾಕಲಾಗಲಿಲ್ಲ.

ವಹಿ

ಅವಧಿ ಮುಗಿದ ಮೇಲೆ ಆ ಹುಡುಗ ವರ್ಷದ ಮೊದಲಿಗೆ ಎಲ್ಲಿದ್ದ ಎಂದು ಕೇಳಿದೆ. ಅಕ್ಕೋರು ಬ್ಯಾಗಿನಿಂದ ನೂರು ಪುಟದ ಒಂದು ವಹಿ ತೆಗೆದರು, ರಟ್ಟಿಗೆ ಹಳೆಯ ಕ್ಯಾಲೆಂಡರಿನ ಹಾಳೆ ಹಾಕಿತ್ತು. ಪ್ರತಿ ಮಗುವಿಗೆ ಒಂದೊಂದು ಪುಟ.

ಆ ಹುಡುಗನ ಪುಟ: 'ಮೇ 23. ಮೂಲಾಕ್ಷರ ಗುರುತಿಸುತ್ತಾನೆ. ಕಾಗುಣಿತ ಅರ್ಧ. ಒತ್ತು ಬಂದರೆ ನಿಲ್ಲುತ್ತಾನೆ. ಮನೆಯಲ್ಲಿ ಅಜ್ಜಿ ಮಾತ್ರ.' 'ಆಗಸ್ಟ್ 8. ಅಕ್ಕ, ಬೆಲ್ಲ ಓದಿದ. ಪುಸ್ತಕ ಆಗಲಿಲ್ಲ.' 'ನವೆಂಬರ್ 17. ಪುಸ್ತಕ ಓದಿದ. ಸಕ್ಕರೆ, ಮಕ್ಕಳು ಸರಾಗ. ರಾಷ್ಟ್ರ ಆಗಲಿಲ್ಲ.' ಸಜಾತೀಯ ಒತ್ತಿನಿಂದ ವಿಜಾತೀಯ ಒತ್ತಿಗೆ ಬರಲು ಮೂರು ತಿಂಗಳು. ಓದಲು ಬರುವವರಿಗೆ ಆ ದೂರ ಕಾಣುವುದಿಲ್ಲ. ಕನ್ನಡ ಮನೆಮಾತಲ್ಲದ ಮಗುವಿಗೆ ಅದು ಗುಡ್ಡ ಹತ್ತಿದಷ್ಟು.

"ಇದನ್ನ ಯಾಕ ನನಗ ಮೊದಲ ತೋರಿಸಲಿಲ್ರಿ?" ಎಂದೆ.

"ನೀವು ಕೇಳಿದ ದಾಖಲೆಯೊಳಗ ಇದು ಇರಲಿಲ್ರಿ ಸರ. ಇದು ನನ್ನ ನೆನಪಿಗೆ ಇಟ್ಕೊಂಡಿದ್ದು."

ಪುಟ ತಿರುವುತ್ತ ಹೋದೆ. ಅಧ್ಯಕ್ಷರ ಮಗಳ ಪುಟ ಬಂತು. 'ಮೇ 24. ಕಥೆ ಸರಾಗ ಓದುತ್ತಾಳೆ. ಭಾಗಾಕಾರ ಬರುತ್ತದೆ.' ಅದರ ಕೆಳಗೆ ಏನೂ ಇಲ್ಲ. ಪುಟ ಪೂರ್ತಿ ಬಿಳಿ. ಕಿಟಕಿ ಪಕ್ಕದ ಉಳಿದ ಐವರ ಪುಟಗಳೂ ಹಾಗೆಯೇ. ನಾನು ಏನೂ ಕೇಳಲಿಲ್ಲ. ಅಕ್ಕೋರೇ ಆ ಪುಟಗಳನ್ನು ನೋಡುತ್ತ ಬಹಳ ಹೊತ್ತು ಕೂತು, "ಅರ್ಜಿಯೊಳಗ ಬರೆದಿದ್ದಕ್ಕ ನನಗ ಸಿಟ್ಟ ಬಂದಿತ್ರಿ. ಇದು ಮಾತ್ರ ಖರೆ ಐತಿ. ಅವರು ತಾವ ಓದ್ಕೊಂತಾರ ಅಂತ ಬಿಟ್ಟೆ" ಎಂದರು.

ಅವರ ವಹಿಯನ್ನಷ್ಟೇ ನಂಬಿ ವರದಿ ಬರೆಯುವಂತಿರಲಿಲ್ಲ. ಎರಡು ದಿನ ಬೇವಿನ ಗಿಡದ ಕೆಳಗೆ ಕೂತು, ಹಾಜರಿದ್ದ ಮಕ್ಕಳನ್ನೆಲ್ಲ ಒಬ್ಬೊಬ್ಬರನ್ನಾಗಿ ಕರೆದು ಓದಿಸಿದೆ. ಅಕ್ಷರ, ಪದ, ಒಂದನೇ ತರಗತಿ ಮಟ್ಟದ ಚಿಕ್ಕ ಪರಿಚ್ಛೇದ, ಎರಡನೇ ತರಗತಿ ಮಟ್ಟದ ಕಥೆ. 2005ರಿಂದ ದೇಶದ ಹಳ್ಳಿಗಳಲ್ಲಿ 'ಅಸರ್' ಸಮೀಕ್ಷೆಯವರು ಬಳಸುತ್ತ ಬಂದ ಕ್ರಮವೇ ಇದು. ಮೇ ತಿಂಗಳಲ್ಲಿ 11 ಮಕ್ಕಳು ಪದ ಕೂಡಿಸಿ ಓದಲಾರದವರು ಎಂದು ವಹಿಯಲ್ಲಿತ್ತು. ಅವರಲ್ಲಿ 8 ಮಂದಿ ಜನವರಿಯಲ್ಲಿ ಪರಿಚ್ಛೇದ ಓದಿದರು. ಇಬ್ಬರು ಅಪ್ಪ-ಅವ್ವನ ಸಂಗಡ ಕಬ್ಬಿಗೆ ಹೋಗಿದ್ದರು. ಒಬ್ಬ ಮೇ ತಿಂಗಳಲ್ಲಿ ಎಲ್ಲಿದ್ದನೋ ಅಲ್ಲೇ ಇದ್ದ. ಕಿಟಕಿ ಪಕ್ಕದ ಆರು ಮಕ್ಕಳಿಗೆ ಭಿನ್ನರಾಶಿ ಕೊಟ್ಟೆ. ಅರ್ಧ, ಕಾಲು, ಮುಕ್ಕಾಲು ಗೊತ್ತು. ಅರ್ಧಕ್ಕೆ ಕಾಲು ಕೂಡಿಸಿರಿ ಎಂದರೆ ಆರರಲ್ಲಿ ಒಬ್ಬರಿಗೂ ಬರಲಿಲ್ಲ. ಅಧ್ಯಕ್ಷರು ಬದುವಿನ ಮೇಲೆ ಹೇಳಿದ ಮಾತಿನಲ್ಲಿ ಒಂದಕ್ಷರ ಹೆಚ್ಚಿರಲಿಲ್ಲ.

ಅದೇ ಜಾಗದಲ್ಲಿದ್ದ ಆ ಒಬ್ಬ ಹುಡುಗನ ಬಗ್ಗೆ ನನ್ನ ವರದಿಯಲ್ಲಿ ಒಂದೇ ಸಾಲಿದೆ. ಯಾಕೆ ಎಂದು ನಾನು ಹುಡುಕಲಿಲ್ಲ. ಅರ್ಜಿ ಅವನ ಬಗ್ಗೆ ಇರಲಿಲ್ಲ, ಅವನ ಮನೆಯಿಂದ ಯಾರೂ ಸಹಿ ಹಾಕಿರಲಿಲ್ಲ. ಇದನ್ನು ಬರೆಯುವಾಗಲೂ ಅವನ ಮುಖವೇ ಎದುರಿಗೆ ಬರುತ್ತದೆ.

ತಾಂಡಾ ಮತ್ತು ಮಕ್ಕಳು

ತಾಂಡಾಕ್ಕೆ ಹೋದದ್ದು ಸಂಜೆ. ದಂಟು ಎಣಿಸಿದ ಹುಡುಗನ ಅಜ್ಜಿ ಮನೆಯ ಮುಂದೆ ಕೂತಿದ್ದಳು. ಅರ್ಜಿಯ ವಿಷಯ ಅವಳಿಗೆ ಗೊತ್ತೇ ಇರಲಿಲ್ಲ. ಅಕ್ಕೋರು ಹೇಗೆ ಎಂದರೆ ಪಿಂಚಣಿಯ ಪಾಸ್‌ಬುಕ್ ತಂದು ತೋರಿಸಿದಳು. "ಮೊದಲ ಬ್ಯಾಂಕಿನ್ಯಾಗ ಎಷ್ಟ ಬಂದೈತಿ ಅಂತ ಮಂದೀನ ಕೇಳ್ತಿದ್ದೆ. ಈಗ ಮೊಮ್ಮಗ ಓದಿ ಹೇಳ್ತಾನ." ಮತ್ತೆ ಅಂದಳು, "ಅಕ್ಕೋರು ಹೊಡಿಯಂಗಿಲ್ಲ. ಅದಕ್ಕ ಸಾಲಿಗೆ ಹೋಗ್ತಾನ." ಅಲ್ಲಿಂದ ಹತ್ತು ಹೆಜ್ಜೆಯ ಮೇಲಿದ್ದ ಇನ್ನೊಬ್ಬ ತಾಯಿ ಒಳಗಿನಿಂದಲೇ ಕೂಗಿ ಹೇಳಿದಳು: "ಹೊಡಿಯಂಗಿಲ್ಲ, ಅದಕ್ಕ ಹುಡುಗೂರು ಅಂಜಂಗಿಲ್ಲ." ಇಬ್ಬರ ಮಾತನ್ನೂ ಬರೆದುಕೊಂಡೆ.

ಮಕ್ಕಳನ್ನು ಅಕ್ಕೋರು ಚಲೋನೋ ಎಂದು ಕೇಳಿದರೆ ಎಲ್ಲರೂ ಹೌದ್ರಿ ಎನ್ನುತ್ತಾರೆ. ಅದಕ್ಕೇ ಬೇರೆ ತರಹ ಕೇಳಿದೆ: ಲೆಕ್ಕ ತಿಳಿಯದಿದ್ದರೆ ಏನು ಮಾಡುತ್ತಿ? ಐದನೇ ತರಗತಿಯಲ್ಲಿ ಹೆಚ್ಚಿನವರ ಉತ್ತರ "ಅಕ್ಕೋರಿಗೆ ಕೇಳ್ತೀನ್ರಿ". ಇದೇ ಪ್ರಶ್ನೆಯನ್ನು ಏಳನೇ ತರಗತಿಯಲ್ಲಿ ಕೇಳಿದೆ. "ಗೈಡ್ ನೋಡ್ತೀನ್ರಿ", "ಸುಮ್ನ ಕುಂದರ್ತೀನ್ರಿ". ಅಧ್ಯಕ್ಷರ ಮಗಳು ಹೇಳಿದ್ದು: "ನನಗ ತಿಳಿಯಲಾರದ್ದು ಅಕ್ಕೋರು ಕೊಟ್ಟ ಇಲ್ರಿ." ಅಮೆರಿಕದಲ್ಲಿ 2009ರಿಂದ ಸುಮಾರು 3,000 ಶಿಕ್ಷಕರ ಮೇಲೆ ನಡೆದ ಒಂದು ದೊಡ್ಡ ಅಧ್ಯಯನದಲ್ಲಿ ಪರೀಕ್ಷೆಯ ಅಂಕದಲ್ಲಾದ ಏರಿಕೆ, ತರಗತಿ ವೀಕ್ಷಣೆ, ಮಕ್ಕಳ ಉತ್ತರ, ಈ ಮೂರನ್ನೂ ಕೂಡಿಸಿ ನೋಡಿದ್ದರು. ನಮ್ಮ ಯಾವ ನಮೂನೆಯಲ್ಲೂ ಮಕ್ಕಳ ಮಾತಿಗೆ ಜಾಗವಿಲ್ಲ.

ಕಚೇರಿಯ ಲೆಕ್ಕ, ಕಾಯ್ದೆಯ ಲೆಕ್ಕ

ಸಾಹೇಬರು ತಾಳ್ಮೆಯಿಂದ ಕೇಳಿದರು. ಅವರ ತೊಡಕು ನನಗೆ ತಿಳಿಯುತ್ತದೆ. ನೂರಾರು ಶಿಕ್ಷಕರು, ಪ್ರತಿಯೊಬ್ಬರಿಗೂ ಒಬ್ಬೊಬ್ಬ ಅಜ್ಜಿಯ ಪಾಸ್‌ಬುಕ್ ನೋಡುತ್ತ ಕೂಡಲಾಗದು. "ಮಾರ್ಚ್‌ನ್ಯಾಗ ಮೌಲ್ಯಾಂಕನ ಐತಲ್ರೀ, ಅದರ ರಿಜಲ್ಟ್ ಬಂದಮ್ಯಾಲ ತೀರ್ಮಾನ ಮಾಡೂಣು" ಎಂದರು. ಎಲ್ಲ ಶಾಲೆಗೂ ಒಂದೇ ಪ್ರಶ್ನೆಪತ್ರಿಕೆ, ಬೇರೆಯವರ ತಿದ್ದುವಿಕೆ. ನ್ಯಾಯ ಎಂದೇ ಕಾಣುತ್ತದೆ.

ನಾನು ಒಪ್ಪಲಿಲ್ಲ, ಈಗಲೂ ಒಪ್ಪುವುದಿಲ್ಲ. ಮಾರ್ಚ್‌ನ ಅಂಕ ಮಗು ಎಲ್ಲಿಗೆ ಮುಟ್ಟಿತು ಎಂದು ಹೇಳುತ್ತದೆ, ಎಲ್ಲಿಂದ ಹೊರಟಿತ್ತು ಎಂದು ಹೇಳುವುದಿಲ್ಲ. ಹೊರಟ ಜಾಗ ಗೊತ್ತಿಲ್ಲದೆ ಯಾರು ಎಷ್ಟು ನಡೆಸಿದರು ಎಂದು ಹೇಳುವುದು ಹೇಗೆ? ಅವಿಭಜಿತ ಆಂಧ್ರಪ್ರದೇಶದ ಹಳ್ಳಿ ಶಾಲೆಗಳಲ್ಲಿ 2005ರಿಂದ ಕಾರ್ತಿಕ್ ಮುರಳೀಧರನ್ ಮತ್ತು ಅವರ ಸಂಗಡಿಗರು ನಡೆಸಿದ ಪ್ರಯೋಗದಲ್ಲಿ ಶಿಕ್ಷಕರಿಗೆ ಬೋನಸ್ ಕೊಟ್ಟಿದ್ದರು. ಎರಡು ವರ್ಷದಲ್ಲಿ ಆ ಶಾಲೆಗಳ ಮಕ್ಕಳು ಗಣಿತದಲ್ಲೂ ಭಾಷೆಯಲ್ಲೂ ಉಳಿದ ಶಾಲೆಗಳಿಗಿಂತ ಮುಂದೆ ಹೋದರು. ಆದರೆ ಅಲ್ಲಿ ಬೋನಸ್ ಇದ್ದದ್ದು ಮಕ್ಕಳ ಅಂಕಕ್ಕಲ್ಲ, ಅಂಕದಲ್ಲಾದ ಸುಧಾರಣೆಗೆ. ಅದಕ್ಕಾಗಿ ಮೊದಲೇ ಒಂದು ಪರೀಕ್ಷೆ ಮಾಡಿ ಇಟ್ಟುಕೊಂಡಿದ್ದರು. ಸುಧಾರಣೆಯ ಅಂಕವನ್ನೂ ಎಚ್ಚರದಿಂದ ಹಿಡಿಯಬೇಕು. 2014ರಲ್ಲಿ ಅಮೆರಿಕದ ಸಂಖ್ಯಾಶಾಸ್ತ್ರಜ್ಞರ ಸಂಘ ಹೇಳಿದ ಪ್ರಕಾರ ಮಕ್ಕಳ ಅಂಕಗಳ ಏರುಪೇರಿನಲ್ಲಿ ಶಿಕ್ಷಕರ ಪಾಲು ಶೇ. 1ರಿಂದ 14ರಷ್ಟು ಎಂಬುದು ಹೆಚ್ಚಿನ ಅಧ್ಯಯನಗಳ ಲೆಕ್ಕ. ಕಬ್ಬಿಗೆ ಹೋದ ಆ ಇಬ್ಬರು ಮಕ್ಕಳನ್ನು ಯಾವ ಶಿಕ್ಷಕಿಯ ಲೆಕ್ಕಕ್ಕೆ ಬರೆಯಬೇಕು?

ಆಗ ಶಿಕ್ಷಣ ಹಕ್ಕು ಕಾಯ್ದೆಯನ್ನು ಮತ್ತೆ ತೆಗೆದು ಓದಿದೆ. 2009ರ ಕಾಯ್ದೆ, 24ನೇ ಕಲಮು, ಶಿಕ್ಷಕರ ಕರ್ತವ್ಯಗಳು. ತರಬೇತಿಗಳಲ್ಲಿ ನಾನೇ ಇದನ್ನು ಎಷ್ಟೋ ಸಲ ಓದಿ ಹೇಳಿದ್ದೆ. ಗೊತ್ತುಪಡಿಸಿದ ಸಮಯದೊಳಗೆ ಇಡೀ ಪಠ್ಯಕ್ರಮ ಮುಗಿಸಬೇಕು ಎಂದು ಒಂದು ಸಾಲು. ಪ್ರತಿ ಮಗುವಿನ ಕಲಿಕಾ ಸಾಮರ್ಥ್ಯ ಅಳೆದು, ಬೇಕಾದಷ್ಟು ಹೆಚ್ಚಿನ ಬೋಧನೆ ಕೊಡಬೇಕು ಎಂದು ಅದರ ಮುಂದಿನ ಸಾಲು. ಎರಡೂ ಸರಿ. ಅಧ್ಯಕ್ಷರು ಹಿಡಿದು ಕೇಳುತ್ತಿದ್ದದ್ದು ಮೊದಲ ಸಾಲನ್ನು, ಅಕ್ಕೋರು ಪಾಲಿಸಿದ್ದು ಎರಡನೆಯದನ್ನು. ಒಂದೇ ಕೋಣೆಯಲ್ಲಿ ಎರಡನೇ ತರಗತಿಯ ಓದಿನ ಮಗು ಮತ್ತು ನವೋದಯಕ್ಕೆ ಕೂಡುವ ಮಗು ಇದ್ದಾಗ, ನಲವತ್ತು ನಿಮಿಷದಲ್ಲಿ ಒಬ್ಬರಿಂದಲೇ ಎರಡೂ ಸಾಲು ಪಾಲಿಸಲಾಗದು. ಅದೇ ಕಲಮಿನಲ್ಲಿ ಇನ್ನೊಂದು ಕರ್ತವ್ಯವಿದೆ: ಪಾಲಕರೊಂದಿಗೆ ನಿಯಮಿತ ಸಭೆ ಮಾಡಿ ಮಗುವಿನ ಹಾಜರಿ, ಕಲಿಯುವ ಸಾಮರ್ಥ್ಯ, ಪ್ರಗತಿ ತಿಳಿಸಬೇಕು. ಆ ವಹಿಯನ್ನು ಆಗಸ್ಟ್‌ನಲ್ಲೇ ಪಾಲಕರ ಮುಂದೆ ಬಿಚ್ಚಿದ್ದರೆ ಬಿಳಿ ಪುಟಗಳನ್ನು ಅಧ್ಯಕ್ಷರು ಅಂದೇ ನೋಡುತ್ತಿದ್ದರು. ಅಲ್ಲಿ ಅಕ್ಕೋರು ತಪ್ಪಿದರು, ಮುಖ್ಯ ಶಿಕ್ಷಕರು ತಪ್ಪಿದರು, ನಾನು ಎಲ್ಲರಿಗಿಂತ ಹೆಚ್ಚು ತಪ್ಪಿದೆ.

ಇದನ್ನು ಇಷ್ಟು ಒತ್ತಿ ಹೇಳಲು ಕಾರಣವಿದೆ. ಶಾಲಾ ಶಿಕ್ಷಣದ ರಾಷ್ಟ್ರೀಯ ಸಂಸ್ಥೆ ಎನ್‌ಸಿಇಆರ್‌ಟಿ 2013ರಲ್ಲೇ ಶಿಕ್ಷಕರ ಕೆಲಸ ಅಳೆಯಲು ಪಿಂಡಿಕ್ಸ್ ಎಂಬ ಸೂಚಕಗಳನ್ನು ಕೊಟ್ಟಿದೆ. ಅದರಲ್ಲಿ ಶಿಕ್ಷಕರು ಮೊದಲು ತಮ್ಮ ಕೆಲಸವನ್ನು ತಾವೇ ಅಳೆದುಕೊಳ್ಳಬೇಕು. ಹಾಗೆ ನಿಜವಾಗಿ ಅಳೆದುಕೊಂಡ ಶಿಕ್ಷಕಿಯೊಬ್ಬರು ನನ್ನ ಸಮೂಹದಲ್ಲೇ ಇದ್ದರು, ನಾನು ಅವರಿಂದ ಪಾಠ ಟಿಪ್ಪಣಿ ಕೇಳುತ್ತಿದ್ದೆ. ತಾನು ಎಲ್ಲಿ ಸೋತೆ ಎಂದು ಬರೆದಿಟ್ಟ ವಹಿಯನ್ನು, ನಾಳೆ ಅದನ್ನೇ ಹಿಡಿದು ನೋಟಿಸು ಕೊಡಬಹುದಾದವನ ಕೈಗೆ ಯಾರು ಕೊಡುತ್ತಾರೆ? ನಮ್ಮ ಸೀಮೆಯಲ್ಲಿ ಕನ್ನಡ ಶಾಲೆಗಳನ್ನು ನೆಟ್ಟು ಬೆಳೆಸಿದವರೆಂದು ಇಂದಿಗೂ ನೆನೆಯುವ ಡೆಪ್ಯುಟಿ ಚನ್ನಬಸಪ್ಪನವರೂ ಹುದ್ದೆಯಿಂದ ತಪಾಸಣೆಯ ಅಧಿಕಾರಿಯೇ. ತಪಾಸಣೆಗೆ ಬಂದವನು ಕಟ್ಟಲೂಬಲ್ಲ ಎಂಬ ನಂಬಿಕೆ ಒಂದು ಕಾಲಕ್ಕೆ ಇಲ್ಲಿ ಇತ್ತು.

ವರದಿಯ ನಂತರ

ನಮೂನೆ ಬಿಟ್ಟು ಎರಡು ಪುಟದ ವರದಿ ಬರೆದೆ. ಬದಲಾವಣೆ ಬೇಡ ಎಂದೆ, ದೂರು ಸುಳ್ಳಲ್ಲ ಎಂದೂ ಬರೆದೆ. ಓದಿದ ಸಾಹೇಬರು ಇದರಲ್ಲಿ ತಪ್ಪು ಯಾರದು ಎಂದು ಸ್ಪಷ್ಟ ಇಲ್ಲವಲ್ಲ ಎಂದರು. ಆದರೂ ಫೈಲ್ ಮುಚ್ಚದೆ ಎಸ್‌ಡಿಎಂಸಿ ಸಭೆಗೆ ಕಳಿಸಿದರು. ಅದಕ್ಕೆ ನಾನು ಅವರಿಗೆ ಋಣಿ.

ಸಭೆ ಎರಡು ತಾಸು ನಡೆಯಿತು. ಅಕ್ಕೋರು ವಹಿ ತಂದಿದ್ದರು. ಯಾರ ಹೆಸರನ್ನೂ ಹೇಳದೆ, ಓದಲು ಬಾರದಿದ್ದವರು ಎಲ್ಲಿಗೆ ಬಂದಿದ್ದಾರೆ, ಬರುತ್ತಿದ್ದವರು ಎಲ್ಲಿ ನಿಂತಿದ್ದಾರೆ ಎಂದು ಓದಿದರು. ಬಿಳಿ ಪುಟಗಳನ್ನು ಎತ್ತಿ ತೋರಿಸಿದರು. ಅಲ್ಲಿಯವರೆಗೆ ಕೈಕಟ್ಟಿ ಕೂತಿದ್ದ ಅಧ್ಯಕ್ಷರು ಕೈ ಬಿಟ್ಟರು. ಪ್ರಾರ್ಥನೆಗೆ ಮುಂಚೆ ಮುಕ್ಕಾಲು ತಾಸು ಕಿಟಕಿ ಪಕ್ಕದ ಮಕ್ಕಳಿಗೆ ಭಿನ್ನರಾಶಿ ಮತ್ತು ನವೋದಯದ ಲೆಕ್ಕ ಹೇಳಲು ಏಳನೇ ತರಗತಿಯ ಹಿರಿಯ ಗುರುಗಳು ತಾವಾಗಿ ಒಪ್ಪಿದರು. ಮುಖ್ಯ ಶಿಕ್ಷಕರು ಆ ವರ್ಷದ ಷರಾವನ್ನು ಅಕ್ಕೋರಿಗೆ ಓದಲು ಕೊಟ್ಟು ಸಹಿ ಪಡೆದರು.

ಮೌಲ್ಯಾಂಕನ ಹೈಕೋರ್ಟಿಗೆ ಹೋಗಿ ಬಂದು ಮಾರ್ಚ್ 27ರಿಂದ ನಡೆಯಿತು. ಪಕ್ಕದೂರಿನ ಶಾಲೆಗಿಂತ ನಮ್ಮ ಐದನೇ ತರಗತಿಯ ಅಂಕ ಕಡಿಮೆ ಬಂದವು. ದಂಟು ಎಣಿಸಿದ ಹುಡುಗ ಕನ್ನಡ ಪತ್ರಿಕೆಯನ್ನು ತಾನೇ ಓದಿಕೊಂಡು ಬರೆದ. ಅವನ ಅಂಕ ನೋಡಿದವರಿಗೆ ಅದು ಕಾಣುವುದಿಲ್ಲ. ಅಧ್ಯಕ್ಷರ ಮಗಳಿಗೆ ನವೋದಯ ಸಿಗಲಿಲ್ಲ. ಎರಡೂವರೆ ತಿಂಗಳ ಭಿನ್ನರಾಶಿ ಇಡೀ ವರ್ಷದ್ದನ್ನು ತುಂಬಲಿಲ್ಲ.

ಜೂನ್‌ನಲ್ಲಿ ಅವರು ಮಗಳ ಟಿಸಿ ತೆಗೆದುಕೊಳ್ಳಲು ಶಾಲೆಗೆ ಬಂದರು. ಪಟ್ಟಣದ ಖಾಸಗಿ ಶಾಲೆಗೆ ಹಾಕುವವರಿದ್ದರು. ಮಗಳು ಶಾಲೆ ಬಿಟ್ಟರೆ ಅವರ ಅಧ್ಯಕ್ಷತನವೂ ಮುಗಿದಂತೆ. ಮುಖ್ಯ ಶಿಕ್ಷಕರು ಬ್ಯಾಂಕಿಗೆ ಹೋಗಿದ್ದರು, ಕಾಯಬೇಕಿತ್ತು. ಬೇವಿನ ಗಿಡದ ಕೆಳಗೆ ಅಕ್ಕೋರು ಹೊಸ ಐದನೇ ತರಗತಿಯ ಮಕ್ಕಳನ್ನು ಒಬ್ಬೊಬ್ಬರನ್ನಾಗಿ ಓದಿಸುತ್ತಿದ್ದರು, ಹೊಸ ವಹಿ, ಹೊಸ ಪುಟಗಳು. ಆ ಸಲ ತಾಂಡಾದ ಇಬ್ಬರು ತಾಯಂದಿರೂ ಪಕ್ಕದಲ್ಲಿ ಕೂತಿದ್ದರು. ಅಕ್ಕೋರು ಅಧ್ಯಕ್ಷರನ್ನು ಕರೆದು, "ಕುಂದರ್ರಿ ಅಣ್ಣಾರ, ನಾ ಓದಸ್ತೀನಿ, ನೀವು ಬರಕೊಳ್ರಿ" ಎಂದು ವಹಿ ಅವರ ತೊಡೆಯ ಮೇಲಿಟ್ಟರು. ಮೊದಲನೇ ಹುಡುಗಿ ಕಥೆಯನ್ನು ಒಂದೇ ಉಸಿರಿಗೆ ಓದಿ ಮುಗಿಸಿದಳು. ಅವರು ತಾರೀಖು ಬರೆದು, 'ಕಥೆ ಓದುತ್ತಾಳೆ' ಎಂದು ಬರೆದು, ಪೆನ್ನು ಹಿಡಿದೇ ಅಕ್ಕೋರನ್ನು ಕೇಳಿದರು: "ಈಕಿಗೆ ಮುಂದ ಏನ್ ಕಲಿಸ್ತೀರಿ? ಅದನ್ನೂ ಈಗ ಬರೀಲ್ಯಾ?"

ಅಕ್ಕೋರು ಹೇಳಿದರು. ಅವರು ಬರೆದುಕೊಂಡರು. ಬಿಸಿಯೂಟದ ಗಂಟೆ ಹೊಡೆಯುವವರೆಗೆ ಅಲ್ಲೇ ಕೂತಿದ್ದರು.